ಝಡ್4 ಬಾನೆಟ್ ಒಳಗಿನ ಸ್ವಚ್ಛತೆ ಮತ್ತು ಕೂಲಂಟಿನ ಗಾಳಿ: ಯಾವುದು ಮೊದಲು?

ಗಾಳಿಬೀಡು

ಕಾರು 2011ರ ಬಿಎಂಡಬ್ಲ್ಯೂ ಝಡ್4, ಇ89 ಮಾದರಿ. ಮೂರು ಲೀಟರಿನ ಆರು ಸಿಲಿಂಡರ್, ಎರಡು ಟರ್ಬೊ, ಎನ್54 ಎಂಜಿನ್. ಮಡಿಕೇರಿಯಿಂದ ಸ್ವಲ್ಪ ಆಚೆ, ನಮ್ಮ ತೋಟದ ಶೆಡ್ಡಿನಲ್ಲಿ ಮಳೆಗಾಲವಿಡೀ ನಿಂತಿತ್ತು. ನಮ್ಮ ಕಡೆಯ ಜುಲೈ ಗೊತ್ತಿರುವವರು ಏಕೆಂದು ಕೇಳುವುದಿಲ್ಲ. ಈಗ ಕೈಲ್ ಮುಹೂರ್ತ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ, ಹತ್ತಿರ ಬಂದಿದೆ. ಕೋವಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವಿನಲ್ಲಿ ಒಂದನ್ನು ಈ ಕಾರಿಗೂ ಸಿಕ್ಕಿಸಬೇಕೆಂದು ಮಕ್ಕಳ ಹಟ. ಬಾನೆಟ್ ಎತ್ತಿದರೆ ಒಳಗೆ ಸಿಲ್ವರ್ ಓಕ್ ಎಲೆ, ಕಣಜದ ಮಣ್ಣಿನ ಗೂಡು, ಕಾಫಿ ಸಿಪ್ಪೆ, ಎಣ್ಣೆಗೆ ಅಂಟಿಕೊಂಡ ಕೆಂಪು ಧೂಳು. ಹಳೆಯ ಯಜಮಾನರು ಯಾವುದೋ ಕಾಲದಲ್ಲಿ ಸುತ್ತಿದ್ದ ಕಪ್ಪು ಇನ್ಸುಲೇಷನ್ ಟೇಪು ಕರಗಿ ವೈರುಗಳ ಮೇಲೆ ಅಂಟಾಗಿ ನಿಂತಿದೆ.

ಇದರ ಜೊತೆಗೆ ಇನ್ನೊಂದು ತೊಂದರೆ. ಮಳೆಗೆ ಮೊದಲು ಹೊರ ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಬದಲಾಯಿಸಿ ಕೂಲಂಟ್, ಅಂದರೆ ಎಂಜಿನ್ ತಂಪಿಡುವ ದ್ರವ, ತುಂಬಿಸಿದ್ದರು. ಅಂದಿನಿಂದ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು. ನಿಂತಲ್ಲಿ ಹೀಟರ್ ಹಾಕಿದರೆ ತಣ್ಣನೆಯ ಗಾಳಿ, ಓಡಿಸಲು ಹೊರಟರೆ ಬಿಸಿ ಗಾಳಿ. ಬಯಲಿನಲ್ಲಿ ಇರುವವರಿಗೆ ಇದು ತಿಳಿಯುವುದೇ ಇಲ್ಲವೇನೋ. ನಮಗೆ ಗಾಜಿನ ಮಂಜು ಬಿಡಿಸಲು ಹೀಟರ್ ಇಲ್ಲದೆ ಆಗುವುದಿಲ್ಲ. ಕೂಲಂಟ್ ಟ್ಯಾಂಕಿನ ಮಟ್ಟವೂ ಸ್ವಲ್ಪ ಇಳಿದಿದೆ.

ಪ್ರಶ್ನೆ ಎರಡು. ಮೊದಲು ತೊಳೆಯಬೇಕೇ, ಮೊದಲು ಕೂಲಂಟ್ ನೋಡಬೇಕೇ? ಕೂಲಂಟಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಮನೆಯಲ್ಲೇ ತೆಗೆಯಲು ಸಾಧ್ಯವೇ, ಅಥವಾ ಮೈಸೂರಿಗೆ ಒಯ್ಯಲೇಬೇಕೇ?

ಹಳೇ ಸ್ಪ್ಯಾನರ್

ಮೊದಲು ತೊಳೆಯಿರಿ. ಹೂವಿಗಾಗಿ ಎಂದುಕೊಂಡು ತೊಳೆಯಬೇಡಿ. ಕೊಳೆ ತುಂಬಿದ ಎಂಜಿನ್‌ನಲ್ಲಿ ಸೋರಿಕೆ ಎಲ್ಲಿದೆ ಎಂದು ಯಾರಿಗೂ ಕಾಣಿಸುವುದಿಲ್ಲ. ಕೂಲಂಟ್ ಹೊಸದಾಗಿ ತುಂಬಿ, ಗಾಳಿ ತೆಗೆದು, ಆಮೇಲೆ ಮಟ್ಟ ಇಳಿಯಿತೆಂದರೆ ಒಳಗಿನ ಗಾಳಿ ಹೊರಬಂದು ಇಳಿಯಿತೋ, ಹೊರಗೆ ಸೋರಿ ಇಳಿಯಿತೋ ಎಂದು ಹೇಗೆ ಹೇಳುತ್ತೀರಿ? ಬಾನೆಟ್ ಒಳಗೆ ಒಣಗಿದ್ದು, ಶುಚಿಯಾಗಿದ್ದರೆ ಒಂದು ಹನಿಯೂ ತಪ್ಪಿಸಿಕೊಳ್ಳುವುದಿಲ್ಲ.

ಆದರೆ ತೊಳೆಯುವ ಮೊದಲೂ ಒಂದು ಕೆಲಸವಿದೆ: ನೋಡುವುದು. ಬ್ಯಾಟರಿ ದೀಪ ಹಿಡಿದು ಪ್ರತಿ ಹೋಸಿನ ಕೊನೆ, ಟ್ಯಾಂಕಿನ ಕೀಲು, ರೇಡಿಯೇಟರಿನ ಅಂಚು ನೋಡಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕೂಲಂಟ್ ಸೋರಿ ಒಣಗಿದ ಜಾಗದಲ್ಲಿ ಬಿಳಿ ಅಥವಾ ತಿಳಿನೀಲಿ ಹೊಪ್ಪಳೆ ಕಟ್ಟಿರುತ್ತದೆ, ಮೂಗು ಹತ್ತಿರ ತಂದರೆ ಸಿಹಿಯಾದ ವಾಸನೆ. ತೊಳೆದುಬಿಟ್ಟರೆ ಆ ಸಾಕ್ಷಿ ಹೋಯಿತು.

ತೊಳೆಯುವ ಬಗ್ಗೆ: ಎಂಜಿನ್ ಪೂರ್ತಿ ತಣ್ಣಗಿರಬೇಕು. ಸರ್ವಿಸ್ ಸ್ಟೇಷನ್ನಿನ ನೀರಿನ ಗನ್ ಬೇಡವೇ ಬೇಡ. ಜೀಪು ತೊಳೆದ ಕೈಗೆ ಅದು ಅಭ್ಯಾಸವಾಗಿರುತ್ತದೆ, ಆದರೆ ಈ ಕಾರಿನಲ್ಲಿ ಕನೆಕ್ಟರುಗಳು, ಕಾಯಿಲುಗಳು, ಕಂಪ್ಯೂಟರ್ ಇರುವ ಪೆಟ್ಟಿಗೆ ಎಲ್ಲವೂ ಮೇಲೆಯೇ ಇವೆ. ಆಲ್ಟರ್ನೇಟರ್ ಮತ್ತು ಗಾಳಿ ಒಳಗೆ ಹೋಗುವ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಎಲೆ, ಕಸವನ್ನು ಮೊದಲು ಒಣಗಿದ್ದಾಗಲೇ ಬ್ರಷ್ಷಿನಿಂದ ತೆಗೆಯಿರಿ. ನೀರು ಬಿದ್ದ ಮೇಲೆ ಅದೇ ಕೆಸರು. ಆಮೇಲೆ ಕ್ಲೀನರನ್ನು ಡಬ್ಬಿಯ ಮೇಲಿನ ಅಳತೆಗೆ ತಕ್ಕಂತೆ ತೆಳ್ಳಗೆ ಮಾಡಿ, ಬಣ್ಣ ಬಳಿಯುವ ಹಳೆಯ ಬ್ರಷ್ಷಿಗೆ ಹಚ್ಚಿ, ಒಂದೊಂದೇ ಭಾಗವನ್ನು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಬೆಲ್ಟಿನ ಮೇಲೆ ಯಾವ ದ್ರಾವಣವೂ ಬೀಳಬಾರದು. ಕೊನೆಗೆ ರಬ್ಬರಿಗೂ ಪ್ಲಾಸ್ಟಿಕ್ಕಿಗೂ ನೀರಿನಲ್ಲಿ ಕರಗುವ ರಕ್ಷಕ ದ್ರವ ಸಾಕು. ಹೊಳಪಿನ ಎಣ್ಣೆ ಹಚ್ಚಿದರೆ ನಮ್ಮ ಕೆಂಪು ಧೂಳು ಎರಡೇ ವಾರದಲ್ಲಿ ಮತ್ತೆ ಕುಳಿತುಕೊಳ್ಳುತ್ತದೆ.

ಮುಂಗಾಜಿನ ಕೆಳಗಿನ ತಟ್ಟೆಯಂಥ ಜಾಗದಲ್ಲಿ ನೀರು ಹೋಗುವ ತೂತುಗಳಿರುತ್ತವೆ. ಸಿಲ್ವರ್ ಓಕ್ ಎಲೆ ಅಲ್ಲಿಗೇ ಹೋಗಿ ಕೂರುವುದು. ಅದನ್ನು ಬಿಡಿಸದೆ ಉಳಿದದ್ದನ್ನು ಎಷ್ಟು ಹೊಳೆಯಿಸಿದರೂ ಮುಂದಿನ ಜೂನ್‌ನಲ್ಲಿ ನೀರು ಕಾರಿನ ಒಳಗೆ ಬರುತ್ತದೆ.

ಒಳ್ಳೆಮೆಣಸು

ಎಲ್ಲಕ್ಕಿಂತ ಮೊದಲು ಒಂದು ಕೋಲು ಹಿಡಿದು ಬಾನೆಟ್ ಎತ್ತಿ. ಮಳೆಗಾಲ ಪೂರ್ತಿ ನಿಂತ ವಾಹನದಲ್ಲಿ ಹಾವು ಮಲಗಿರುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ಕಾಫಿ ಸಿಪ್ಪೆ ಇದೆ ಎಂದಿರಿ. ಅದು ಗಾಳಿಗೆ ಬಂದು ಬಿದ್ದದ್ದಲ್ಲ, ಇಲಿ ಹೊತ್ತು ತಂದದ್ದು. ಹಾಗಾದರೆ ವೈರು ಕಡಿದಿರುವ ಸಾಧ್ಯತೆಯೂ ಇದೆ. ಇಲಿಯ ಹಿಂದೆಯೇ ಹಾವೂ ಬರುತ್ತದೆ. ಗೂಡು ಎಲ್ಲಿದೆಯೋ ಅದರಿಂದ ಒಂದು ಮೊಳದೊಳಗಿನ ಎಲ್ಲ ವೈರುಗಳನ್ನೂ ಬೆರಳಿನಿಂದ ಸವರಿ ನೋಡಿ, ಕೈಗವಸು ಹಾಕಿಕೊಂಡು.

ಹೊಗೆಸೊಪ್ಪು ಕಟ್ಟಿದರೆ ಇಲಿ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ನಮ್ಮ ಶೆಡ್ಡಿನ ಇಲಿಗಳು ಅದನ್ನು ಸರಿಸಿಟ್ಟು ಒಳಗೆ ಹೋಗಿವೆ. ಬಾನೆಟ್ ತೆರೆದಿಟ್ಟು ಒಂದು ದೀಪ ಹಾಕಿ ಬಿಡುವುದು, ಪಕ್ಕದಲ್ಲಿ ಕಾಳುಮೆಣಸಿನ ಚೀಲ ಇಡದಿರುವುದು, ಇವೆರಡರಿಂದ ನನಗೆ ಹೆಚ್ಚು ಪ್ರಯೋಜನವಾಗಿದೆ.

ಗಾಳಿಬೀಡು

ಅಕ್ಕ, ಹಾವು ಇರಲಿಲ್ಲ, ಗೂಡು ಇತ್ತು. ಬಾನೆಟ್ಟಿನ ಒಳಮೈಯ ಹೊದಿಕೆಯನ್ನು ಕಿತ್ತು ಹಾಸಿಕೊಂಡಿದ್ದವು. ವೈರುಗಳಲ್ಲಿ ಒಂದರ ಮೇಲ್ಪದರಕ್ಕೆ ಹಲ್ಲು ತಾಗಿದೆ, ತಾಮ್ರ ಕಾಣುತ್ತಿಲ್ಲ.

ಸ್ಪ್ಯಾನರ್ ಅಣ್ಣ ಹೇಳಿದಂತೆ ಮೊದಲು ನೋಡಿದೆ. ಎರಡು ಕಡೆ ಗುರುತು ಸಿಕ್ಕಿತು. ಒಂದು, ಹೊಸ ಹೋಸ್ ರೇಡಿಯೇಟರಿಗೆ ಸೇರುವ ಕಡೆ ತಿಳಿನೀಲಿ ಹೊಪ್ಪಳೆ. ಈ ಕಾರಿನಲ್ಲಿ ಅಲ್ಲಿ ತಿರುಪಿನ ಕ್ಲಾಂಪ್ ಇಲ್ಲ; ಒಳಗೊಂದು ರಬ್ಬರ್ ಉಂಗುರ, ಹೊರಗಿನಿಂದ ಒತ್ತಿ ಕೂರಿಸುವ ತಂತಿಯ ಕ್ಲಿಪ್. ಕ್ಲಿಪ್ ಅರ್ಧವೇ ಕೂತಿತ್ತು. ಎರಡು, ಆಯಿಲ್ ಫಿಲ್ಟರ್ ಕೂರುವ ಅಲ್ಯೂಮಿನಿಯಂ ತುಂಡು ಎಂಜಿನ್‌ಗೆ ಸೇರುವ ಜಾಗದಲ್ಲಿ ಎಣ್ಣೆಯ ತೇವ. ಅಲ್ಲಿಂದ ಕೆಳಗಿನವರೆಗೂ ಧೂಳು ದಪ್ಪವಾಗಿ ಅಂಟಿದೆ.

ಅಂಟು ಟೇಪನ್ನೆಲ್ಲ ಬಿಡಿಸಿದೆ. ಸೀಮೆಎಣ್ಣೆ ಹಾಕಲು ಮನಸ್ಸಾಗಲಿಲ್ಲ, ವೈರಿನ ಹೊದಿಕೆ ಹಾಳಾದೀತೆಂದು. ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಾಳ್ಮೆಯಿಂದ ಒರೆಸಿದೆ. ಈಗ ಅದರ ಮೇಲೆ ಏನು ಸುತ್ತಲಿ?

ಹಳೇ ಸ್ಪ್ಯಾನರ್

ಬಟ್ಟೆಯ ಟೇಪು, ಅಂದರೆ ಕಾರ್ಖಾನೆಯಿಂದಲೇ ವೈರಿನ ಕಟ್ಟಿಗೆ ಸುತ್ತಿ ಬರುವ ಬಗೆಯದು. ಎಲೆಕ್ಟ್ರಿಕ್ ಅಂಗಡಿಯ ಪಿವಿಸಿ ಟೇಪು ಮನೆಯ ಸ್ವಿಚ್ ಬೋರ್ಡಿಗೆ ಸರಿ, ಎಂಜಿನ್ ಬಿಸಿಗೆ ಅಂಟು ಜಾರುತ್ತದೆ. ಟರ್ಬೊ ಇರುವ ಬದಿಯಲ್ಲಿ ಅದೂ ಸಾಲದು. ಅಲ್ಲಿ ಗಾಜಿನ ನಾರಿನ ಅಥವಾ ಅಲ್ಯೂಮಿನಿಯಂ ಹೊದಿಕೆಯ ಕೊಳವೆ ಹಾಕಬೇಕು. ಕೇಬಲ್ ಟೈ ಬಿಗಿದ ಮೇಲೆ ಬಾಲವನ್ನು ಮಟ್ಟಸವಾಗಿ ಕತ್ತರಿಸಿ, ಇಲ್ಲದಿದ್ದರೆ ಮುಂದೆ ಕೈ ಹಾಕಿದವರ ಮುಂಗೈ ಸೀಳುತ್ತದೆ. ಹೋಸಿನ ಮೇಲೆ ಟೈ ಬಿಗಿಯಬೇಡಿ. ಎಂಜಿನ್ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ. ಎರಡರ ನಡುವೆ ಹೋಗುವ ವೈರಿಗೆ ಸ್ವಲ್ಪ ಸಡಿಲ ಬಿಡಿ. ಚಿತ್ರಕ್ಕೆ ಚೆಂದ ಕಾಣಲೆಂದು ಎಲ್ಲವನ್ನೂ ನೇರ ಎಳೆದು ಕಟ್ಟಿದ ಕಾರುಗಳನ್ನು ನೋಡಿದ್ದೇನೆ, ವರ್ಷದೊಳಗೆ ಕನೆಕ್ಟರ್ ಬುಡದಲ್ಲಿ ವೈರು ಮುರಿದಿರುತ್ತದೆ.

ಎಣ್ಣೆ ತೇವದ ವಿಷಯವನ್ನು ನೀವು ಹಗುರವಾಗಿ ಬರೆದಿದ್ದೀರಿ. ಆ ಅಲ್ಯೂಮಿನಿಯಂ ತುಂಡಿಗೂ ಎಂಜಿನ್‌ಗೂ ನಡುವೆ ಸೋರದಂತೆ ಕೂರಿಸಿದ ಗ್ಯಾಸ್ಕೆಟ್ಟಿನಿಂದ ಇಳಿದ ಎಣ್ಣೆ ನೇರ ಬೆಲ್ಟಿನ ಮೇಲೆ ಬೀಳುತ್ತದೆ. ಎಣ್ಣೆ ಕುಡಿದ ಬೆಲ್ಟ್ ಜಾರುತ್ತದೆ, ಬಿಚ್ಚಿಕೊಂಡರೆ ಅದರ ಎಳೆಗಳು ಕ್ರಾಂಕಿನ ಮುಂದಿನ ಸೀಲಿನೊಳಗೆ ಹೋದ ಉದಾಹರಣೆಗಳಿವೆ. ಗ್ಯಾಸ್ಕೆಟ್ಟಿನ ಬೆಲೆ ಅಲ್ಪ, ಆ ಮೇಲಿನ ಖರ್ಚು ಅಲ್ಪವಲ್ಲ. ಹೇಗೂ ಕೂಲಂಟ್ ಇಳಿಸುತ್ತೀರಿ. ಆ ತುಂಡನ್ನೂ ಈಗಲೇ ಬಿಚ್ಚಿ ಗ್ಯಾಸ್ಕೆಟ್ ಹಾಕಿ, ಬೆಲ್ಟನ್ನೂ ಬದಲಾಯಿಸಿ. ಇದನ್ನು ಬಿಟ್ಟು ಕೂಲಂಟ್ ಮಾತ್ರ ಮಾಡುವುದು ಎರಡು ಸಲದ ಕೆಲಸ.

ಮೈಸೂರಿನ ಸೆಕೆ

ಗಾಳಿ ತೆಗೆಯುವುದರ ಬಗ್ಗೆ ನಾನು ಬರೆಯುತ್ತೇನೆ. ಈ ಎಂಜಿನ್‌ನಲ್ಲಿ ಅದು ಹಳೆಯ ಕಾರುಗಳಿಗಿಂತ ಸುಲಭ, ಆದರೆ ಬೇರೆ ದಾರಿ.

ಮೊದಲು ಗುಳುಗುಳು ಏಕೆ ಎಂಬುದು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪೈಪು ಎಳೆದಿದ್ದೀರಲ್ಲ, ದಿಣ್ಣೆ ಹತ್ತಿ ಇಳಿಯುವ ಕಡೆ ಗಾಳಿ ಸಿಕ್ಕಿಕೊಂಡರೆ ಪಂಪು ಓಡುತ್ತಿದ್ದರೂ ಕೊನೆಯ ಜೆಟ್ಟಿಗೆ ನೀರು ಬರುವುದಿಲ್ಲ. ಇಲ್ಲೂ ಅಷ್ಟೇ. ಹೀಟರಿನ ಪುಟ್ಟ ರೇಡಿಯೇಟರ್ ಎತ್ತರದಲ್ಲಿದೆ, ಗಾಳಿ ಅಲ್ಲಿ ಹೋಗಿ ನಿಲ್ಲುತ್ತದೆ. ಹರಿವು ಕಡಿಮೆಯಿದ್ದಾಗ ಬಿಸಿ ನೀರು ಅದನ್ನು ದಾಟುವುದಿಲ್ಲ. ಹರಿವು ಹೆಚ್ಚಿದಾಗ ದಾಟುತ್ತದೆ. ನಿಮ್ಮ ತಣ್ಣನೆ, ಬಿಸಿ ಗಾಳಿಯ ಕಾರಣ ಇದೇ. ಹೀಟರ್ ಬಿಡಿ, ಭಯ ಇರುವುದು ಸಿಲಿಂಡರ್ ಹೆಡ್ಡಿನಲ್ಲಿ ಗಾಳಿ ನಿಂತರೆ. ಆ ಜಾಗದ ಲೋಹ ಕಾಯುತ್ತದೆ, ಅಲ್ಲಿ ಉಗಿ ಹುಟ್ಟುತ್ತದೆ, ಉಷ್ಣತೆಯ ಸೆನ್ಸರ್ ದ್ರವದಲ್ಲಿ ಮುಳುಗಿರದಿದ್ದರೆ ಅದು ಹೇಳುವ ಅಂಕಿಯೂ ಸುಳ್ಳಾಗಿರುತ್ತದೆ.

ಹಳೆಯ ಕಾರುಗಳಲ್ಲಿ ಕೂಲಂಟ್ ಹರಿಸುವ ಪಂಪು ಬೆಲ್ಟಿನಿಂದ ತಿರುಗುತ್ತದೆ. ಆದ್ದರಿಂದ ಮುಚ್ಚಳ ತೆಗೆದು, ಆಲಿಕೆ ಇಟ್ಟು, ಎಂಜಿನ್ ಓಡಿಸಿ, ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆರೆಯುವವರೆಗೆ ಕಾಯುವ ಪದ್ಧತಿ. ಎನ್54ರ ಪಂಪು ವಿದ್ಯುತ್ತಿನದು. ಎಂಜಿನ್ ಓಡದೆಯೂ ತಿರುಗುತ್ತದೆ, ಅದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಕ್ರಮ ಬರೆದಿಟ್ಟಿದ್ದಾರೆ.

ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ತಣ್ಣಗಿರಲಿ. ಬಾನೆಟ್ ಒಳಗಿನ ಪಾಸಿಟಿವ್ ಕೊನೆಗೂ ಅರ್ತ್ ಬೋಲ್ಟಿಗೂ ಬ್ಯಾಟರಿ ಚಾರ್ಜರ್ ಜೋಡಿಸಿ. ಇದನ್ನು ಬಿಟ್ಟರೂ ನಡೆಯುತ್ತದೆ ಎನ್ನುವವರ ಮಾತು ಕೇಳಬೇಡಿ, ತಿಂಗಳುಗಟ್ಟಲೆ ನಿಂತ ಬ್ಯಾಟರಿ ನಡುವೆ ಕೈಕೊಟ್ಟರೆ ಮೊದಲಿನಿಂದ ಮಾಡಬೇಕು. ಕೂಲಂಟನ್ನು ನಿಧಾನವಾಗಿ, ಗುಳ್ಳೆ ಬರುವುದು ನಿಲ್ಲುವವರೆಗೆ ಸುರಿಯುತ್ತಾ ಗರಿಷ್ಠ ಗುರುತಿಗೆ ತನ್ನಿ. ಟ್ಯಾಂಕಿನ ಮೇಲೆ ಗಾಳಿ ಬಿಡುವ ತಿರುಪು ಇದ್ದರೆ ಸುರಿಯುವಾಗ ಸಡಿಲಿಸಿ, ಆಮೇಲೆ ಮುಚ್ಚಿ. ಅದು ಪ್ಲಾಸ್ಟಿಕ್, ಬಲ ಪ್ರಯೋಗ ಬೇಡ. ಮುಚ್ಚಳ ಹಾಕಿ. ಬ್ರೇಕ್ ಒತ್ತದೆ ಸ್ಟಾರ್ಟ್ ಗುಂಡಿ ಒತ್ತಿ ಇಗ್ನಿಷನ್ ಮಾತ್ರ ಹಾಕಿ. ಹೀಟರಿನ ಉಷ್ಣತೆ ಗರಿಷ್ಠಕ್ಕೆ, ಫ್ಯಾನ್ ಕನಿಷ್ಠಕ್ಕೆ. ಇಗ್ನಿಷನ್ ತಾನಾಗಿ ಆರಿಹೋಗದಂತೆ ಹೆಡ್‌ಲೈಟ್ ಹಾಕಿ. ಈಗ ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹತ್ತು ಸೆಕೆಂಡು ಹಿಡಿದು ಬಿಡಿ. ಕಿವಿಗೊಟ್ಟರೆ ಕೆಳಗಿನಿಂದ ಪಂಪಿನ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ಏರುತ್ತಾ, ಇಳಿಯುತ್ತಾ ಸುಮಾರು 12 ನಿಮಿಷ ಓಡಿ ತಾನೇ ನಿಲ್ಲುತ್ತದೆ. ಅಷ್ಟು ಹೊತ್ತು ಎಂಜಿನ್ ಸ್ಟಾರ್ಟ್ ಮಾಡಬಾರದು. ನಿಂತ ಮೇಲೆ ಮಟ್ಟ ನೋಡಿ ತುಂಬಿ. ಇನ್ನೊಮ್ಮೆ ಮಾಡಬೇಕಿದ್ದರೆ ಇಗ್ನಿಷನ್ ಆರಿಸಿ, ಕೀಲಿ ತೆಗೆದು, ಕೆಲವು ನಿಮಿಷ ಬಿಟ್ಟು ಶುರು ಮಾಡಿ.

ಇಳಿಸಿದ ಕೂಲಂಟನ್ನು ಅಳೆದಿಟ್ಟುಕೊಳ್ಳಿ. ಎಷ್ಟು ಬಂತೋ ಅಷ್ಟಕ್ಕೆ ಹತ್ತಿರ ಒಳಗೆ ಹೋಗಬೇಕು. ನಿಮ್ಮ ವಿಷಯದಲ್ಲಿ ಹಳೆಯದೇ ಕಡಿಮೆ ಇರಬಹುದಾದ್ದರಿಂದ ಸ್ವಲ್ಪ ಹೆಚ್ಚು ಹಿಡಿದರೆ ಅದೇ ಉತ್ತರ.

ಒರತೆ

ಡಿಸ್ಟಿಲ್ಡ್ ವಾಟರಿಗೆ ದುಡ್ಡು ಸುರಿಯುವ ಬಯಲಿನವರ ಅಭ್ಯಾಸ ನಮಗೇಕೆ? ಭಾಗಮಂಡಲದ ಕಡೆಯ ನಮ್ಮ ಒರತೆ ನೀರಿನಷ್ಟು ಶುದ್ಧವಾದದ್ದು ಯಾವ ಬಾಟಲಿಯಲ್ಲಿದೆ? ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಕಲೆಯೂ ಕಟ್ಟುವುದಿಲ್ಲ. ನಮ್ಮ ಜೀಪಿಗೆ ತಲೆಮಾರಿನಿಂದ ಅದೇ ನೀರು.

ಮೈಸೂರಿನ ಸೆಕೆ

ಕುಡಿಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ, ಒಪ್ಪಿದೆ. ಸುಣ್ಣದ ಅಂಶ ಕಡಿಮೆ ಎಂಬುದೂ ನಿಜ. ಆದರೆ ಮಳೆ ಹೆಚ್ಚಿರುವ ನಿಮ್ಮ ಮಣ್ಣು ಹುಳಿಯದು. ತೋಟಕ್ಕೆ ಸುಣ್ಣ ಹಾಕುವುದೇ ಆ ಕಾರಣಕ್ಕೆ. ಆ ಮಣ್ಣಿನಿಂದ ಬಂದ ನೀರೂ ಸ್ವಲ್ಪ ಹುಳಿಯಾಗಿರಬಹುದು, ಕಬ್ಬಿಣದ ಅಂಶವೂ ಸೇರಿರಬಹುದು. ಜೀಪಿನ ಎಂಜಿನ್ ಬೀಡುಕಬ್ಬಿಣ, ತಡೆದುಕೊಂಡಿತು. ಇದು ಅಲ್ಯೂಮಿನಿಯಂ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನಿಗೆ ಕೊಡುವ ಹಣಕ್ಕಾಗಿ ಈ ವಾದ ಬೇಡ.

ಅರ್ಧ ಕೂಲಂಟ್, ಅರ್ಧ ನೀರು. ಕೊಡಗಿನಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲ, ಆದ್ದರಿಂದ ನೀರೇ ಸಾಕು ಎನ್ನುವವರಿದ್ದಾರೆ. ಕೂಲಂಟ್ ಕುದಿಯುವ ಬಿಂದುವನ್ನೂ ಏರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಟ್ಯಾಂಕಿನ ಮುಚ್ಚಳ ಒತ್ತಡ ಹಿಡಿದಿರುವುದರಿಂದಲೇ ಎಂಜಿನ್ 100 ಡಿಗ್ರಿ ದಾಟಿಯೂ ಕುದಿಯದೆ ಇರುವುದು. ಹಾಗಾಗಿ ಹಳೆಯ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೂ ಬದಲಾಯಿಸಿ.

ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ನೀಲಿಯಲ್ಲೂ ನಾಲ್ಕು ಬಗೆ ಇದೆ. ಈ ಕಾಲದ ಬಿಎಂಡಬ್ಲ್ಯೂಗಳಿಗೆ ಜಿ48 ಬಗೆಯದು. ಡಬ್ಬಿಯ ಮೇಲೆ ಅದನ್ನು ಓದಿ.

ಒರತೆ

ಮಣ್ಣಿಗೆ ಸುಣ್ಣ ಹಾಕುವ ಮಾತು ತಂದು ಬಾಯಿ ಮುಚ್ಚಿಸಿದಿರಿ. ಜೀಪಿಗೆ ಮಾತ್ರ ನಮ್ಮ ನೀರೇ.

ಹಿಂದಿನ ಎಂಜಿನ್

ಗೋಣಿಕೊಪ್ಪದ ಕಡೆಯವನು. ನನ್ನದು ಪೋರ್ಷೆ ಬಾಕ್ಸ್‌ಸ್ಟರ್, 987. ಝಡ್4ರವರು ಅದೃಷ್ಟವಂತರು, ಬಾನೆಟ್ ಎತ್ತಿದರೆ ಎಂಜಿನ್ ಕಾಣುತ್ತದೆ. ನಮ್ಮದರಲ್ಲಿ ಎಂಜಿನ್ ಸೀಟಿನ ಹಿಂದೆ ಹುದುಗಿದೆ, ರೇಡಿಯೇಟರುಗಳು ಮುಂದಿನ ಎರಡು ಮೂಲೆಯಲ್ಲಿವೆ, ನಡುವೆ ಕಾರಿನ ಉದ್ದಕ್ಕೂ ಪೈಪು. ಅಷ್ಟುದ್ದದ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳಲು ಜಾಗಕ್ಕೆ ಬರವೇ? ಮುಂದಿನ ಬಾಯಿಗಳಲ್ಲಿ ಒಣಎಲೆ ನುಗ್ಗಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಗಿಡಿದುಕೊಳ್ಳುತ್ತದೆ. ತೆಗೆಯಲು ಮುಂದಿನ ಬಂಪರನ್ನೇ ಬಿಚ್ಚಬೇಕು. ಮರದ ಕೆಳಗೆ ನಿಲ್ಲಿಸುವ ಸುಖಕ್ಕೆ ನಾನು ತೆರುವ ತೆರಿಗೆ ಇದು.

ನಾನು ನಿರ್ವಾತದಿಂದ ತುಂಬಿಸುತ್ತೇನೆ. ಕಂಪ್ರೆಸರಿನ ಗಾಳಿ ಹಾಯಿಸಿ ಒಳಗಿನ ಗಾಳಿಯನ್ನು ಎಳೆದು ತೆಗೆಯುವ ಸಣ್ಣ ಸಾಧನ ಸಿಗುತ್ತದೆ; ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಎಳೆದಾಗ ಹೋಸುಗಳು ಚಪ್ಪಟೆಯಾಗುತ್ತವೆ, ಗಾಬರಿ ಬೇಡ. ಮೀಟರಿನ ಮುಳ್ಳು ಅಲ್ಲೇ ಹತ್ತು ಹದಿನೈದು ನಿಮಿಷ ನಿಂತರೆ ಸೋರಿಕೆ ಇಲ್ಲ ಎಂದರ್ಥ. ಆಮೇಲೆ ವಾಲ್ವ್ ತಿರುಗಿಸಿದರೆ ಕೂಲಂಟನ್ನು ಅದೇ ಕುಡಿಯುತ್ತದೆ. ಒಂದೇ ಕೆಲಸದಲ್ಲಿ ಸೋರಿಕೆಯ ಪರೀಕ್ಷೆಯೂ ಆಯಿತು, ತುಂಬಿಸಿದ್ದೂ ಆಯಿತು.

ನಮ್ಮ ಎತ್ತರದಲ್ಲಿ ಒಂದು ಸೂಕ್ಷ್ಮವಿದೆ. ಸಾಧನದ ಪುಸ್ತಕದಲ್ಲಿ ಬರೆದ ಅಂಕಿ ಸಮುದ್ರಮಟ್ಟದ್ದು. ಮಡಿಕೇರಿಯಲ್ಲಿ ವಾತಾವರಣದ ಒತ್ತಡವೇ ಸುಮಾರು 0.88 ಬಾರ್, ಆದ್ದರಿಂದ ಮುಳ್ಳು ಅಷ್ಟು ಕೆಳಗೆ ಹೋಗುವುದೇ ಇಲ್ಲ. ಸಾಧನ ಕೆಟ್ಟಿದೆ ಎಂದು ಹಿಂದಿರುಗಿಸಿದವರು ನನಗೆ ಗೊತ್ತು.

ಗಾಳಿಬೀಡು

ಕೆಲಸ ಮುಗಿಯಿತು. ಸ್ಪ್ಯಾನರ್ ಅಣ್ಣನ ಮಾತಿನಂತೆ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್, ಬೆಲ್ಟ್, ಹೋಸಿನ ರಬ್ಬರ್ ಉಂಗುರ, ಟ್ಯಾಂಕಿನ ಮುಚ್ಚಳ ಎಲ್ಲವನ್ನೂ ಬೆಂಗಳೂರಿನಿಂದ ತರಿಸಿದೆ. ಕೊರಿಯರ್ ಬರುವವರೆಗೆ ಬಾನೆಟ್ ತೆರೆದಿಟ್ಟು ದೀಪ ಹಾಕಿದ್ದೆ, ಇಲಿ ಸುಳಿಯಲಿಲ್ಲ. ತಗ್ಗಿನಲ್ಲಿದ್ದ ಪಂಪಿಗೆ ಕೈ ಹಾಕಲಿಲ್ಲ, ಅದರ ಸದ್ದು ಸಮವಾಗಿದೆ.

ಗಾಳಿ ತೆಗೆಯುವ ಕ್ರಮ ಬರೆದ ಹಾಗೆಯೇ ನಡೆಯಿತು. ಮೊದಲ ಸುತ್ತಿನಲ್ಲಿ ಟ್ಯಾಂಕಿನ ಮಟ್ಟ ಚೆನ್ನಾಗಿಯೇ ಇಳಿಯಿತು, ತುಂಬಿ ಇನ್ನೊಂದು ಸುತ್ತು ಓಡಿಸಿದಾಗ ಅಲ್ಲಾಡಲಿಲ್ಲ. ಇಳಿಸಿದ್ದಕ್ಕಿಂತ ಒಂದು ಲೀಟರಿಗೂ ಹೆಚ್ಚು ಹಿಡಿಯಿತು. ಗುಳುಗುಳು ನಿಂತಿದೆ, ನಿಂತಲ್ಲೇ ಹೀಟರ್ ಬಿಸಿ ಕೊಡುತ್ತಿದೆ.

ಮಾರನೆಯ ದಿನ ಸಂಪಾಜೆಗೆ ಇಳಿದು ಹತ್ತಿಬಂದೆ. ಜೋಡುಪಾಲ, ಮದೆನಾಡಿನ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು ನಿಧಾನವಾಗಿ ಬಂದರೂ ಕಾರಿನ ಕಂಪ್ಯೂಟರಿನ ಅಂಕಿ ತೋರುವ ಒಬಿಡಿ ರೀಡರಿನಲ್ಲಿ ಉಷ್ಣತೆ ಏರುಪೇರಾಗಲಿಲ್ಲ. ಇಲ್ಲಿಗೆ ಗೆದ್ದೆ ಎಂದುಕೊಳ್ಳಲೇ?

ಮೈಸೂರಿನ ಸೆಕೆ

ಇಲ್ಲ. ಮಂಜು ಬೀಳುವ ಘಟ್ಟದಲ್ಲಿ ಪಾಸಾದ ಕಾರಿಗೆ ನಾನು ಅಂಕ ಕೊಡುವುದಿಲ್ಲ. ಹೊರಗೆ 20 ಡಿಗ್ರಿ ಇದ್ದಾಗ ಅರ್ಧ ಕಟ್ಟಿಕೊಂಡ ರೇಡಿಯೇಟರೂ, ಸೋತ ಪಂಪೂ ಮರ್ಯಾದೆ ಉಳಿಸಿಕೊಳ್ಳುತ್ತವೆ. ಕೊಡಗಿನಲ್ಲಿ ವರ್ಷವಿಡೀ ಸರಿ ಇದ್ದ ಕಾರು ಏಪ್ರಿಲ್‌ನಲ್ಲಿ ಬೆಂಗಳೂರಿನ ದಟ್ಟಣೆಗೆ ಹೋದಾಗ ಎಚ್ಚರಿಕೆ ದೀಪ ಹಾಕುವುದನ್ನು ನಾನು ಹಲವು ಸಲ ನೋಡಿದ್ದೇನೆ. ಯಜಮಾನರು ಆಗ ಬೆಂಗಳೂರನ್ನು ಬೈಯುತ್ತಾರೆ.

ಪರೀಕ್ಷೆ ಹೀಗೆ ಮಾಡಿ. ಕುಶಾಲನಗರ ದಾಟಿ ಬಯಲಿಗೆ ಬನ್ನಿ, ಮಧ್ಯಾಹ್ನವೇ ಬನ್ನಿ. ಎಸಿ ಪೂರ್ತಿ ಹಾಕಿ ಅರ್ಧ ಗಂಟೆ ಓಡಿಸಿ, ಆಮೇಲೆ ನೆರಳಿಲ್ಲದ ಕಡೆ ಎಂಜಿನ್ ಆರಿಸದೆ ನಿಲ್ಲಿಸಿ. ಗಾಳಿ ಹಾಯದೆ ಫ್ಯಾನಿನ ಮೇಲೆಯೇ ಬದುಕಬೇಕಾದ ಆ ಹತ್ತು ನಿಮಿಷಗಳಲ್ಲಿ ಏನಾಗುತ್ತದೆ ಎಂಬುದೇ ಫಲಿತಾಂಶ. ಅಂಕಿ ನೋಡಿ ಗಾಬರಿಯಾಗಬೇಡಿ: ಈ ಎಂಜಿನ್‌ನ ಥರ್ಮೋಸ್ಟಾಟನ್ನು ಕಂಪ್ಯೂಟರ್ ನಡೆಸುತ್ತದೆ. ಸುಮ್ಮನೆ ಸಾಗುವಾಗ 100ರ ಆಸುಪಾಸಿನಲ್ಲಿ ಬೇಕೆಂದೇ ಇಟ್ಟುಕೊಂಡು, ಭಾರ ಬಿದ್ದಾಗ ತಾನೇ ಇಳಿಸುತ್ತದೆ. ಅಂಕಿ ಏರಿ ಒಂದು ಕಡೆ ನಿಲ್ಲಬೇಕು. ನಿಲ್ಲದೆ ಏರುತ್ತಲೇ ಹೋದರೆ ಆರಿಸಿ. ಏನೇ ಆದರೂ ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ.

ಒಳ್ಳೆಮೆಣಸು

ಇಳಿಸಿದ ಹಳೆಯ ಕೂಲಂಟ್ ಏನಾಯಿತು? ಯಾರೂ ಕೇಳಲಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಸಿಹಿಯಾಗಿರುತ್ತದೆ ಎಂದು ನಾಯಿ ನೆಕ್ಕುತ್ತದೆ, ಸ್ವಲ್ಪವೇ ಸಾಕು, ಮೂತ್ರಪಿಂಡ ಹೋಗುತ್ತದೆ. ದನಕ್ಕೂ ಅದೇ ಗತಿ. ನೀಲಿ ನೀರನ್ನು ತೋಟದ ಚರಂಡಿಗೆ ಬಿಟ್ಟರೆ ಅದು ತೋಡಿಗೆ, ತೋಡಿನಿಂದ ಕಾವೇರಿಗೆ.

ಗಾಳಿಬೀಡು

ಬಾಯಿ ಮುಚ್ಚಿದ ಕ್ಯಾನಿನಲ್ಲಿದೆ ಅಕ್ಕ, ಮೇಲೆ ಹೆಸರು ಬರೆದು ಅಟ್ಟದಲ್ಲಿಟ್ಟಿದ್ದೇನೆ. ನಾಯಿಗಳನ್ನು ಕೆಲಸ ಮುಗಿಯುವವರೆಗೆ ಕಟ್ಟಿಹಾಕಿದ್ದೆ, ನೆಲಕ್ಕೆ ಚೆಲ್ಲಿದ್ದನ್ನು ಮರದ ಪುಡಿ ಹಾಕಿ ಬಳಿದು ಅದನ್ನೂ ಚೀಲಕ್ಕೆ ಕಟ್ಟಿದ್ದೇನೆ.

ಹಳೇ ಸ್ಪ್ಯಾನರ್

ಹಳೆಯ ಎಂಜಿನ್ ಆಯಿಲ್ ಕೊಂಡೊಯ್ಯುವವರು ಕೂಲಂಟನ್ನು ತೆಗೆದುಕೊಳ್ಳುವುದಿಲ್ಲ. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿಯಬೇಡಿ. ದೊಡ್ಡ ವರ್ಕ್‌ಶಾಪುಗಳಲ್ಲಿ ಬೇರೆ ಡ್ರಮ್ ಇರುತ್ತದೆ, ಮೈಸೂರಿಗೆ ಹೋಗುವಾಗ ಕ್ಯಾನ್ ಹಾಕಿಕೊಂಡು ಹೋಗಿ, ಮೊದಲೇ ಫೋನ್ ಮಾಡಿ.

ಗಾಳಿಬೀಡು

ಬಯಲಿನ ಪರೀಕ್ಷೆಯೂ ಆಯಿತು. ಪಿರಿಯಾಪಟ್ಟಣದ ಆಚೆ, ಬಿಸಿಲು ಬಿಟ್ಟ ಮಧ್ಯಾಹ್ನ. ನಿಲ್ಲಿಸಿದ ಮೇಲೆ ಅಂಕಿ 105ರವರೆಗೆ ಹೋಯಿತು, ಫ್ಯಾನ್ ಜೋರಾಯಿತು, 99ಕ್ಕೆ ಇಳಿದು ಅಲ್ಲೇ ನಿಂತಿತು. ತಣ್ಣಗಾದ ಮೇಲೆ ಟ್ಯಾಂಕಿನ ಮಟ್ಟ ಮೊದಲಿದ್ದಲ್ಲೇ ಇದೆ. ಹೋಸಿನ ಕೀಲಿನ ಕೆಳಗೆ ಬಿಳಿ ಕಾಗದ ಕಟ್ಟಿದ್ದೆ, ಕಲೆ ಇಲ್ಲ. ಫಿಲ್ಟರ್ ಹೌಸಿಂಗ್ ಒಣಗಿದೆ.

ಒಂದೇ ಸಂದೇಹ ಉಳಿದಿದೆ. ಮನೆಗೆ ಬಂದು ಎಂಜಿನ್ ಆರಿಸಿ ಬೀಗ ಹಾಕಿದ ಮೇಲೂ ಮುಂದಿನಿಂದ ಸಣ್ಣ ಸದ್ದು ಬರುತ್ತಲೇ ಇತ್ತು.

ಮೈಸೂರಿನ ಸೆಕೆ

ಪಂಪು ಅಥವಾ ಫ್ಯಾನ್, ಕೆಲವೊಮ್ಮೆ ಎರಡೂ. ಟರ್ಬೊ ಕಾದಿರುವಾಗ ಎಂಜಿನ್ ಆರಿಸಿದರೂ ಕೂಲಂಟ್ ಹರಿಯುತ್ತಿರಲೆಂದು ಕಂಪ್ಯೂಟರ್ ಅದನ್ನು ಸ್ವಲ್ಪ ಹೊತ್ತು ಓಡಿಸುತ್ತದೆ. ಕೆಲವು ನಿಮಿಷಗಳಲ್ಲಿ ನಿಂತರೆ ಸರಿ. ರಾತ್ರಿಯಿಡೀ ಓಡಿದರೆ ಇಲ್ಲಿ ಬರೆಯಿರಿ, ಆಗ ಪಂಪಿನ ಕಥೆ ಬೇರೆ.

ಹಿಂದಿನ ಎಂಜಿನ್

ಹಬ್ಬ ಮುಗಿದ ಮೇಲೆ ಆ ಚಾರ್ಜರನ್ನು ಒಂದು ವಾರ ಎರವಲು ಕೊಡುತ್ತೀರಾ? ನನ್ನ ಬಂಪರ್ ಬಿಚ್ಚುವ ಸರದಿ ಬಂದಿದೆ. ನಿರ್ವಾತದ ಸಾಧನ ನಾನು ತರುತ್ತೇನೆ.